ಫ್ರೀಜರಿನಲ್ಲಿಟ್ಟ ಅಡುಗೆ, ಹಾಲಿನ ಪದಾರ್ಥ: ಅರಿತು ಇಡೋಣ, ಅರಿತು ಉಣ್ಣೋಣ

ಎರಡು ಬೇಸಿಗೆಗಳ ಹಿಂದಿನ ಮಾತು. ಬಸವ ಜಯಂತಿ ಮುಗಿದ ಮೂರನೆಯ ದಿನ ಮಧ್ಯಾಹ್ನ, ಡಾಬಕಾದ ನಮ್ಮ ಚಿಕಿತ್ಸಾಲಯಕ್ಕೆ ವೃದ್ಧ ತಾಯಿಯೊಬ್ಬರು ಆರು ವರ್ಷದ ಮೊಮ್ಮಗನನ್ನು ಹೆಗಲ ಮೇಲೆ ಮಲಗಿಸಿಕೊಂಡು ಬಂದರು. ಮಗುವಿಗೆ ಎರಡು ಗಂಟೆಗಳಿಂದ ಬಿಡದೆ ವಾಂತಿ. ಜೊತೆಗೆ ಭೇದಿಯೂ ಆರಂಭವಾಗಿತ್ತು. ಕಣ್ಣುಗಳು ಗುಳಿಬಿದ್ದಿದ್ದವು. ತುಟಿ ಒಣಗಿತ್ತು. ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ಅದು ನಿಧಾನವಾಗಿ ಮೊದಲಿನ ಸ್ಥಿತಿಗೆ ಬರುತ್ತಿತ್ತು. ಉಪ್ಪು-ಸಕ್ಕರೆಯ ನೀರನ್ನು ಗುಟುಕು ಗುಟುಕಾಗಿ ಕುಡಿಸುತ್ತ, ತಡಮಾಡದೆ ಸಲೈನ್ ಏರಿಸುವ ಅನುಕೂಲವಿರುವ ಆಸ್ಪತ್ರೆಗೆ ಕಳುಹಿಸಿದೆವು. ಮರುದಿನ ಸಂಜೆ ಮಗು ಎದ್ದು ಕುಳಿತ ಸುದ್ದಿ ಬಂದ ಮೇಲೆಯೇ ನಮಗೂ ನೆಮ್ಮದಿ.

ವಿಚಾರಿಸಿದಾಗ ತಿಳಿದದ್ದಿಷ್ಟು. ಹಬ್ಬಕ್ಕೆಂದು ಮನೆಯ ಆಕಳ ಹಾಲಿನಿಂದ ಬಾಸುಂದಿ ಮಾಡಿದ್ದರು. ಬಂದವರೆಲ್ಲ ಉಂಡ ಮೇಲೂ ಒಂದು ಪಾತ್ರೆಯಷ್ಟು ಉಳಿಯಿತು. ರಾತ್ರಿಯವರೆಗೆ ಅದು ಅಡುಗೆಮನೆಯ ಕಟ್ಟೆಯ ಮೇಲೆಯೇ ಇದ್ದು, ಮಲಗುವ ಮುನ್ನ ಫ್ರಿಜ್ಜಿನ ಐಸ್ ಖಾನೆಯನ್ನು ಸೇರಿತು. ಮರುದಿನ ಗಾಳಿ-ಮಳೆಗೆ ಕರೆಂಟು ಹೋಗಿ ಹದಿನೈದು ಗಂಟೆಗಳ ಕಾಲ ಬರಲಿಲ್ಲ. ಬಂದ ಮೇಲೆ ಬಾಸುಂದಿ ಮತ್ತೆ ಕಲ್ಲಿನಂತೆ ಗಟ್ಟಿಯಾಯಿತು. ಮೂರನೆಯ ದಿನ ಬೆಳಿಗ್ಗೆ ಅದನ್ನು ಹೊರಗಿಟ್ಟು ಕರಗಿಸಿ, ತುಸು ಬೆಚ್ಚಗೆ ಮಾಡಿ, ಮಗುವಿಗೆ ಕೊಟ್ಟರು.

"ಬರ್ಫನಾಗ ಇಟ್ಟಿದ್ದು ಹ್ಯಾಂಗ ಕೆಡ್ತದ್ರೀ ಡಾಕ್ಟರ್ ಸಾಹೇಬ್ರೆ? ವಾಸನಿ ಸುದ್ದಾ ಬಂದಿದ್ದಿಲ್ಲ" ಎಂದು ಆ ತಾಯಿ ಕೇಳಿದರು. ಅವರ ಮುಖದಲ್ಲಿ ಅಳುಕಿತ್ತು. ಆದರೆ ಪ್ರಶ್ನೆ ನಿಜವಾದದ್ದು. ಪ್ರಯೋಗಾಲಯದ ಪರೀಕ್ಷೆ ನಡೆಯದ ಕಾರಣ ಬಾಸುಂದಿಯೇ ಕಾರಣವೆಂದು ನಾವು ಆಣೆಯಿಟ್ಟು ಹೇಳಲಾರೆವು. ಆದರೂ ರೋಗದ ಲಕ್ಷಣ, ಉಂಡ ಹೊತ್ತು ಮತ್ತು ವಾಂತಿ ಆರಂಭವಾದ ಹೊತ್ತು ಇವನ್ನೆಲ್ಲ ಕೂಡಿಸಿ ನೋಡಿದರೆ ಅನುಮಾನ ಅದರ ಮೇಲೆಯೇ ನಿಲ್ಲುತ್ತದೆ. ಇಂದು ನಮ್ಮ ಭಾಗದ ಹಳ್ಳಿಗಳಲ್ಲಿಯೂ ಮನೆಮನೆಗೆ ಫ್ರಿಜ್ ಬಂದಿದೆ. ಆ ತಾಯಿಯ ಪ್ರಶ್ನೆಗೆ ಉತ್ತರ ಎಲ್ಲರಿಗೂ ತಿಳಿದಿರಬೇಕೆಂದು ಈ ಲೇಖನ.

ಶೈತ್ಯವು ಮಾಡುವ ಕೆಲಸವೇನು?

ಬೆಂಕಿ ಸೂಕ್ಷ್ಮಾಣುಗಳನ್ನು ಕೊಲ್ಲುತ್ತದೆ. ಶೈತ್ಯ ಅವುಗಳಲ್ಲಿ ಹೆಚ್ಚಿನವನ್ನು ಮಲಗಿಸುತ್ತದೆ, ಅಷ್ಟೇ. ಆಹಾರ ಹೆಪ್ಪುಗಟ್ಟಿರುವವರೆಗೆ ಅವು ಬೆಳೆಯುವುದಿಲ್ಲ. ಕರಗಿದ ಕೂಡಲೇ ನಿಂತಲ್ಲಿಂದ ಮತ್ತೆ ಬೆಳೆಯತೊಡಗುತ್ತವೆ. ಆದುದರಿಂದ ಫ್ರೀಜರಿಗೆ ಹೋಗುವ ಹೊತ್ತಿಗೆ ಅಡುಗೆ ಹೇಗಿತ್ತೋ, ಹೊರಬರುವಾಗಲೂ ಹಾಗೆಯೇ ಇರುತ್ತದೆ. ಕೆಡಲಾರಂಭಿಸಿದ್ದನ್ನು ಫ್ರೀಜರ್ ಒಳ್ಳೆಯದನ್ನಾಗಿ ಮಾಡಲಾರದು.

ಅನುಕೂಲವಾದ ಬೆಚ್ಚಗಿನ ಸ್ಥಿತಿಯಲ್ಲಿ ಕೆಲವು ಸೂಕ್ಷ್ಮಾಣುಗಳು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಗಂಟೆಗೆ ಮೂರು ಸಲ ಎಂದರೆ ಆರು ಗಂಟೆಗಳಲ್ಲಿ ಹದಿನೆಂಟು ಸಲ. ಲೆಕ್ಕ ಹಾಕಿದರೆ ಒಂದೇ ಒಂದು ಸೂಕ್ಷ್ಮಾಣು 2,62,144 ಆಗುತ್ತದೆ. ಮಧ್ಯಾಹ್ನದಿಂದ ರಾತ್ರಿಯವರೆಗೆ ಕಟ್ಟೆಯ ಮೇಲಿದ್ದ ಆ ಪಾತ್ರೆಯಲ್ಲಿ ಏನು ನಡೆದಿರಬಹುದೆಂದು ಓದುಗರೇ ಊಹಿಸಬಹುದು. ಹಾಲಿನ ಒಕ್ಕೂಟದವರು ಹಳ್ಳಿಯ ಹಾಲನ್ನು ಬೇಗನೆ 4 ಡಿಗ್ರಿ ಸೆಲ್ಸಿಯಸ್‌ಗೆ ತಂಪು ಮಾಡಲು ಅವಸರಿಸುವುದೂ ಇದೇ ಕಾರಣಕ್ಕೆ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವಾದುದು. ನಮ್ಮ ಚರ್ಮದ ಮೇಲೆ, ಮೂಗಿನಲ್ಲಿ, ಕೈಯ ಗಾಯ ಮತ್ತು ಕುರುಗಳಲ್ಲಿ ಸ್ಟೆಫಿಲೊಕಾಕಸ್ ಎಂಬ ಸೂಕ್ಷ್ಮಾಣು ಇರುತ್ತದೆ. ಖವಾ, ಪೇಢೆ, ಬಾಸುಂದಿಯಂತಹ ಹಾಲಿನ ಸಿಹಿಗಳಿಗೆ ಕೈಯಿಂದ ಅದು ಸೇರಿದರೆ ಬೆಚ್ಚಗಿನ ಹೊತ್ತಿನಲ್ಲಿ ಬೆಳೆದು ನಂಜನ್ನು ಉಂಟುಮಾಡುತ್ತದೆ. ಆಮೇಲೆ ಕುದಿಸಿದರೆ ಸೂಕ್ಷ್ಮಾಣು ಸಾಯುತ್ತದೆ, ನಂಜು ಉಳಿಯುತ್ತದೆ. ಬಣ್ಣ, ರುಚಿ, ವಾಸನೆ ಯಾವುದೂ ಬದಲಾಗಬೇಕೆಂದಿಲ್ಲ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬುದರ ವಾಂತಿ ತರಿಸುವ ನಂಜೂ ಇದೇ ಬಗೆಯದು; ಅದರ ಬೀಜಕಗಳು ಅನ್ನ ಬೇಯುವಾಗಲೂ ಸಾಯುವುದಿಲ್ಲ. "ವಾಸನಿ ಬಂದಿದ್ದಿಲ್ಲ" ಎಂಬ ಆ ತಾಯಿಯ ಮಾತು ಸುಳ್ಳಲ್ಲ. ಮೂಗು ಹಿಡಿಯಲಾರದ ಕೇಡೂ ಇದೆ ಎಂಬುದನ್ನು ನಾವು ಕಲಿಯಬೇಕಾಗಿದೆ.

ಆಯುರ್ವೇದದ ದೃಷ್ಟಿ

ವೈದ್ಯವೃತ್ತಿಯ ಮೊದಲ ವರ್ಷಗಳಲ್ಲಿ ನಾವು ಈ ವಿಷಯವನ್ನು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದೆವು: ಹಳಸಿದ್ದು, ತಂಗಳು ವರ್ಜ್ಯ, ಬಿಸಿಯಾದ, ಆಗಲೇ ಮಾಡಿದ ಆಹಾರವೇ ಪಥ್ಯ. ಆ ಮಾತನ್ನು ಇಂದಿಗೂ ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಅದರಿಂದ ಎಲ್ಲರ ಹೊಟ್ಟೆ ತುಂಬುವುದಿಲ್ಲವೆಂದು ನಮಗೆ ಕಲಿಸಿದವರು ನಿವೃತ್ತ ಗುರುಗಳೊಬ್ಬರು. ಪತ್ನಿ ತೀರಿಕೊಂಡ ಮೇಲೆ ಅವರು ಒಬ್ಬರೇ ಇದ್ದರು. ಮಗ ಹೈದರಾಬಾದಿನಲ್ಲಿ, ಮಗಳು ಭಾಲ್ಕಿಯಲ್ಲಿ. ರಾತ್ರಿ ಅಡುಗೆ ಮಾಡಿಕೊಳ್ಳಲು ಬೇಸರವಾಗಿ ಚಹಾ, ಖಾರಿ ಬಿಸ್ಕೀಟು ತಿಂದು ಮಲಗುತ್ತಿದ್ದರು. ತೂಕ ಇಳಿಯಿತು, ಕಾಲುಗಳಲ್ಲಿ ಶಕ್ತಿ ಉಡುಗಿತು. ಮಗಳು ಹದಿನೈದು ದಿನಕ್ಕೊಮ್ಮೆ ಬಂದು ತೊಗರಿಬೇಳೆಯ ಸಾರು, ಕಾಳಿನ ಪಲ್ಯ, ಹೂರಣ ಇವನ್ನು ಒಂದು ಹೊತ್ತಿಗೆ ಒಂದರಂತೆ ಸಣ್ಣ ಸಣ್ಣ ಡಬ್ಬಿಗಳಲ್ಲಿ ತುಂಬಿ ಫ್ರೀಜರಿನಲ್ಲಿಟ್ಟು ಹೋಗತೊಡಗಿದರು. ಒಂದು ಡಬ್ಬಿ ಕುದಿಸಿಕೊಂಡು ಎರಡು ರೊಟ್ಟಿ ಉಂಡರೆ ಊಟ ಮುಗಿಯಿತು. ನಾಲ್ಕು ತಿಂಗಳಲ್ಲಿ ಗುರುಗಳು ಮತ್ತೆ ಹೊಲದವರೆಗೆ ನಡೆದು ಹೋಗುವಂತಾದರು. ಹಸಿವಿಗಿಂತ, ಬಿಸ್ಕೀಟಿಗಿಂತ ಆ ಡಬ್ಬಿಯೇ ಲೇಸೆಂದು ಒಪ್ಪಿಕೊಂಡೆವು.

ಚರಕಸಂಹಿತೆಯ ವಿಮಾನಸ್ಥಾನದ ಮೊದಲ ಅಧ್ಯಾಯದಲ್ಲಿ ಆಹಾರದ ಹಿತಾಹಿತವನ್ನು ನಿರ್ಣಯಿಸುವ ಎಂಟು ಅಂಶಗಳನ್ನು ಹೇಳಿದೆ: ಪ್ರಕೃತಿ, ಕರಣ, ಸಂಯೋಗ, ರಾಶಿ, ದೇಶ, ಕಾಲ, ಉಪಯೋಗಸಂಸ್ಥೆ ಮತ್ತು ಉಪಯೋಕ್ತೃ. ಕರಣವೆಂದರೆ ಸಂಸ್ಕಾರ. ನೀರು, ಅಗ್ನಿ, ಕಡೆಯುವಿಕೆಗಳ ಜೊತೆಗೆ ಪದಾರ್ಥವನ್ನು ಎಷ್ಟು ಕಾಲ ಇಟ್ಟೆವು, ಯಾವ ಪಾತ್ರೆಯಲ್ಲಿ ಇಟ್ಟೆವು ಎಂಬುದನ್ನೂ ಆಚಾರ್ಯರು ಸಂಸ್ಕಾರದಲ್ಲಿಯೇ ಸೇರಿಸಿದ್ದಾರೆ. ಫ್ರಿಜ್ ಇಲ್ಲದ ಕಾಲದಲ್ಲಿ ಹೇಳಿದ ಈ ಮಾತು ಇಂದಿನ ಫ್ರೀಜರಿಗೂ ಒಪ್ಪುತ್ತದೆ. ಇಡುವುದು ಕೂಡ ಅಡುಗೆಯ ಒಂದು ಭಾಗ. ಅದನ್ನು ಅಡುಗೆಯಷ್ಟೇ ಎಚ್ಚರದಿಂದ ಮಾಡಬೇಕು.

ನಮ್ಮ ಯಂತ್ರವನ್ನು ಅರಿಯೋಣ

ಫ್ರಿಜ್ಜಿನ ಹೊರಗೆ ಅಂಟಿಸಿರುವ ನಕ್ಷತ್ರಗಳು ವಿದ್ಯುತ್ ಉಳಿತಾಯವನ್ನು ಹೇಳುತ್ತವೆ, ಶೈತ್ಯವನ್ನಲ್ಲ. ಫ್ರೀಜರ್ ಖಾನೆಯ ಬಾಗಿಲ ಮೇಲೆ ಅಥವಾ ಕೈಪಿಡಿಯಲ್ಲಿರುವ ನಕ್ಷತ್ರಗಳೇ ಬೇರೆ. ಅಲ್ಲಿ ಒಂದು ನಕ್ಷತ್ರವಿದ್ದರೆ ಮೈನಸ್ 6 ಡಿಗ್ರಿ. ಹೆಪ್ಪುಗಟ್ಟಿದ ಆಹಾರ ಸುಮಾರು ಒಂದು ವಾರ ಬಾಳುತ್ತದೆ. ಎರಡಿದ್ದರೆ ಮೈನಸ್ 12 ಡಿಗ್ರಿ. ಸುಮಾರು ಒಂದು ತಿಂಗಳು. ಮೂರಿದ್ದರೆ ಮೈನಸ್ 18 ಡಿಗ್ರಿ, ಎರಡು-ಮೂರು ತಿಂಗಳು. ಹೊಸದಾಗಿ ಅಡುಗೆಯನ್ನು ಹೆಪ್ಪುಗಟ್ಟಿಸಲು ಮೈನಸ್ 18 ತಲುಪುವ ಫ್ರೀಜರೇ ಯೋಗ್ಯ. ಒಂದೇ ಬಾಗಿಲಿನ ಅನೇಕ ಫ್ರಿಜ್ಜುಗಳ ಐಸ್ ಖಾನೆ ಆ ಶೈತ್ಯವನ್ನು ಮುಟ್ಟುವುದಿಲ್ಲ. ಅಂಥವರು ಅಡುಗೆಯನ್ನು ಎರಡು-ಮೂರು ದಿನಕ್ಕಿಂತ ಹೆಚ್ಚು ಇಡದಿರುವುದು ಕ್ಷೇಮ. ಐಸ್ ಖಾನೆಯ ಗೋಡೆಗೆ ದಪ್ಪ ಬರ್ಫ ಕಟ್ಟಿದ್ದರೆ ಶೈತ್ಯ ಹೆಚ್ಚಾಗಿದೆಯೆಂದಲ್ಲ. ಅದು ಯಂತ್ರಕ್ಕೆ ಭಾರ. ಆಗಾಗ ಕರಗಿಸಿ ಒರೆಸಬೇಕು.

ಇಡುವ ಕ್ರಮ

ಮೊದಲ ನಿಯಮ, ಉಳಿದುದನ್ನು ಇಡುವುದಲ್ಲ, ಉಣ್ಣುವ ಮುನ್ನವೇ ತೆಗೆದಿಡುವುದು. ಹತ್ತು ಕೈಗಳು ಬಡಿಸಿದ, ಎಲ್ಲರ ಮುಂದೆ ಸುತ್ತಿ ಬಂದ ಪಾತ್ರೆಯ ಅಡುಗೆ ಫ್ರೀಜರಿಗೆ ತಕ್ಕುದಲ್ಲ.

ಎರಡನೆಯದು, ಬೇಗನೆ ಆರಿಸುವುದು. ಒಲೆಯಿಂದ ಇಳಿಸಿದ ಎರಡು ಗಂಟೆಯೊಳಗೆ ಅಡುಗೆ ತಣ್ಣಗಾಗಿ ಒಳಗೆ ಸೇರಬೇಕು. ಸುತ್ತಲಿನ ಬಿಸಿ 32 ಡಿಗ್ರಿ ಮೀರಿದ್ದರೆ ಒಂದೇ ಗಂಟೆ. ನಮ್ಮ ಬೀದರಿನ ಬೇಸಿಗೆಯಲ್ಲಿ ಈ ಒಂದು ಗಂಟೆಯ ನಿಯಮವೇ ನಮಗೆ ಸಲ್ಲುವುದು. ದೊಡ್ಡ ಪಾತ್ರೆಯಲ್ಲಿಯೇ ಬಿಟ್ಟರೆ ನಡುಭಾಗ ಅರ್ಧ ದಿನವಾದರೂ ಬೆಚ್ಚಗಿರುತ್ತದೆ. ಅಗಲವಾದ ಪರಾತಗಳಿಗೆ ತೆಳುವಾಗಿ ಹರಡಿ, ಅವನ್ನು ತಣ್ಣೀರು ತುಂಬಿದ ಬುಟ್ಟಿಯಲ್ಲಿಟ್ಟು, ಸ್ವಚ್ಛ ಸವುಟಿನಿಂದ ಕೈಯಾಡಿಸಿದರೆ ಅರ್ಧ ಗಂಟೆಯಲ್ಲಿ ಆರುತ್ತದೆ. ಹೊಗೆಯಾಡುವ ಅಡುಗೆಯನ್ನು ನೇರವಾಗಿ ಒಳಗಿಟ್ಟರೆ ಪಕ್ಕದಲ್ಲಿರುವುದೂ ಕರಗುತ್ತದೆ.

ಮೂರನೆಯದು, ಸಣ್ಣ ಪಾಲು, ಚಪ್ಪಟೆ ಡಬ್ಬಿ. ಇದಕ್ಕೊಂದು ಇತಿಹಾಸವಿದೆ. 1912ರ ನಂತರದ ವರ್ಷಗಳಲ್ಲಿ ಕೆನಡಾದ ಹಿಮಪ್ರದೇಶ ಲ್ಯಾಬ್ರಡಾರ್‌ನಲ್ಲಿದ್ದ ಕ್ಲಾರೆನ್ಸ್ ಬರ್ಡ್ಸ್ಐ ಎಂಬ ಅಮೆರಿಕನ್, ಕೊರೆಯುವ ಗಾಳಿಯಲ್ಲಿ ತಟ್ಟನೆ ಹೆಪ್ಪುಗಟ್ಟಿದ ಮೀನು ತಿಂಗಳುಗಳ ನಂತರ ಕರಗಿದಾಗಲೂ ಆಗಲೇ ಹಿಡಿದಂತಿರುವುದನ್ನು ಕಂಡ. ನಿಧಾನವಾಗಿ ಹೆಪ್ಪುಗಟ್ಟಿದರೆ ದೊಡ್ಡ ಹರಳುಗಳಾಗಿ ಆಹಾರದ ಕಣಗಳನ್ನು ಹರಿಯುತ್ತವೆ. ಬೇಗನೆ ಗಟ್ಟಿಯಾದರೆ ಹರಳು ಸಣ್ಣವು, ರುಚಿ ಉಳಿಯುತ್ತದೆ. ಈ ತತ್ತ್ವದ ಮೇಲೆ ಆತ ಕಟ್ಟಿದ ಉದ್ಯಮದ ಆಹಾರ 1930ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದ ಅಂಗಡಿಗಳಿಗೆ ಬಂದಿತು. ಆತ ಕಂಡದ್ದು ಮೀನು. ನಮ್ಮ ಸಾರು-ಪಲ್ಯಕ್ಕೂ ತತ್ತ್ವ ಅದೇ. ಎರಡು ಬೆರಳಿಗಿಂತ ದಪ್ಪವಾಗಿ ತುಂಬಬಾರದು.

ನಾಲ್ಕನೆಯದು, ಪಾತ್ರೆ. ಬಿಗಿಯಾದ ಮುಚ್ಚಳದ ಸ್ಟೀಲ್ ಡಬ್ಬಿ ಉತ್ತಮ. ನೀರು ಬರ್ಫವಾಗುವಾಗ ನೂರಕ್ಕೆ ಒಂಬತ್ತು ಪಾಲಿನಷ್ಟು ಹಿಗ್ಗುವುದರಿಂದ ಕಾಲುಭಾಗ ಖಾಲಿ ಬಿಡಬೇಕು. ಸಾಮಾನ್ಯ ಗಾಜಿನ ಶೀಶೆ ಒಡೆಯುತ್ತದೆ. ಡಬ್ಬಿಯ ಮೇಲೆ ಬಿಳಿ ಪಟ್ಟಿ ಅಂಟಿಸಿ ಪದಾರ್ಥದ ಹೆಸರು, ತಾರೀಖು ಬರೆಯಬೇಕು. ತಾರೀಖಿಲ್ಲದ ಡಬ್ಬಿಯನ್ನು ನಂಬಬಾರದು.

ಯಾವ ಅಡುಗೆ ತಾಳುತ್ತದೆ?

ಬೇಳೆಯ ಸಾರು, ಮಡಕಿ-ಹೆಸರುಕಾಳಿನ ಪಲ್ಯ, ಹೂರಣ, ಬೇಯಿಸಿದ ಹೋಳಿಗೆ ಇವು ಚೆನ್ನಾಗಿ ತಾಳುತ್ತವೆ. ಎಳ್ಳಮಾವಾಸ್ಯೆಯ ಭಜ್ಜಿಯನ್ನು ಪುಣೆ, ಬೆಂಗಳೂರಿನ ಮಕ್ಕಳಿಗೆ ಇಡಬಹುದೇ ಎಂದು ತಾಯಂದಿರು ಕೇಳುತ್ತಾರೆ. ಹಸಿಕಾಳು, ಸೊಪ್ಪು ಕೂಡಿದ ಭಜ್ಜಿ ಸ್ವಲ್ಪ ಮೆತ್ತಗಾದರೂ ತಾಳುತ್ತದೆ; ಹೊಲಕ್ಕೆ ಹೋಗುವ ಮುನ್ನವೇ ಅದರ ಪಾಲು ತೆಗೆದಿಡಬೇಕು. ಅಂಬಲಿ ಮಾತ್ರ ಬೇಡ. ಮಜ್ಜಿಗೆ ಬೆರೆತದ್ದು ಒಡೆದು ನೀರೇ ಬೇರೆಯಾಗುತ್ತದೆ, ಕಡಿಯೂ ಹಾಗೆಯೇ. ಆಲೂಗಡ್ಡೆ ಸ್ಪಂಜಿನಂತಾಗುತ್ತದೆ. ಸೌತೆ, ಈರುಳ್ಳಿ, ಹಸಿ ಕೋಸಂಬರಿ ಬಾಡಿ ನೀರೂರುತ್ತವೆ. ಅನ್ನವನ್ನು ಇಡುವುದಾದರೆ ಆರಿದ ಕೂಡಲೇ ಇಡಬೇಕು. ಸಂಜೆಯವರೆಗೆ ಹೊರಗಿದ್ದ ಅನ್ನ ಬೇಡವೇ ಬೇಡ. ಖಡಕ್ ರೊಟ್ಟಿ, ಶೇಂಗಾ ಹಿಂಡಿಗಳಿಗೆ ಫ್ರೀಜರೇ ಬೇಕಿಲ್ಲ. ನೀರನ್ನು ತೆಗೆದು ಆಹಾರ ಕಾಯುವ ವಿದ್ಯೆ ನಮ್ಮ ಅಜ್ಜಿಯರದು. ಅದಕ್ಕೆ ಕರೆಂಟಿನ ಹಂಗಿಲ್ಲ.

ಹಾಲು ಮತ್ತು ಹಾಲಿನಿಂದಾದುವು

ನಮ್ಮದು ದೇವಣಿ ಆಕಳ ನಾಡು; ಹಾಲಿನ ಅಡುಗೆ ನಮ್ಮ ಮನೆಗಳಲ್ಲಿ ಸಹಜ. ಹಾಲನ್ನು ಕಾಯಿಸಿ, ಆರಿಸಿ ಇಡಬಹುದು. ಕರಗಿದಾಗ ಕೊಬ್ಬು ಬೇರೆಯಾಗಿ ಕಣಕಣವಾಗಿ ಕಂಡರೆ ಕೆಟ್ಟಿದೆಯೆಂದಲ್ಲ. ಕಲಕಿ ಕಾಯಿಸಿ ಚಹಾ, ಪಾಯಸಕ್ಕೆ ಬಳಸಬಹುದು. ಬೆಣ್ಣೆ ಚೆನ್ನಾಗಿ ತಾಳುತ್ತದೆ. ತುಪ್ಪದಲ್ಲಿ ನೀರಿನ ಅಂಶವೇ ಇಲ್ಲವೆನ್ನುವಷ್ಟು ಕಡಿಮೆ. ಅದನ್ನು ಒಣ ಚಮಚ ಹಾಕಿ ಹೊರಗೇ ಇಡಬಹುದು. ಖವಾವನ್ನು ಮಾಡಿದ ದಿನವೇ ಸಣ್ಣ ಉಂಡೆಗಳಾಗಿಸಿ ಗಾಳಿಯಾಡದಂತೆ ಇಡಬೇಕು. ಪನೀರು ಪುಡಿಪುಡಿಯಾಗುತ್ತದೆ, ಬಿಸಿನೀರಿನಲ್ಲಿ ನೆನೆಸಿದರೆ ತಕ್ಕಮಟ್ಟಿಗೆ ಮೆತ್ತಗಾಗುತ್ತದೆ.

ಮೊಸರನ್ನು ಹೆಪ್ಪುಗಟ್ಟಿಸಿದರೆ ಗಡ್ಡೆ ಒಡೆದು ನೀರು ಬಿಡುತ್ತದೆ. ಫ್ರೀಜರಿನಿಂದ ತೆಗೆದುದನ್ನು ಕುದಿಸಿ ಉಣ್ಣಬೇಕೆಂಬುದು ನಮ್ಮ ನಿಯಮ. ಮೊಸರನ್ನು ಬಿಸಿಮಾಡಿ ಸೇವಿಸಬಾರದೆಂಬುದು ಚರಕರ ನಿಯಮ. ಎರಡೂ ಕೂಡುವುದಿಲ್ಲವಾದ್ದರಿಂದ ಮೊಸರು-ಮಜ್ಜಿಗೆ ಅಂದಂದಿನದೇ ಇರಲಿ. ಶ್ರೀಖಂಡವನ್ನೂ ಬಿಸಿಮಾಡಲಾಗದು, ಆದುದರಿಂದ ಮಾಡುವಾಗಲೇ ಕೈ, ಬಟ್ಟೆ, ಪಾತ್ರೆಗಳ ಶುದ್ಧಿ ಇರಬೇಕು. ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಕರಗಿಸಿ ಅಂದೇ ಮುಗಿಸಬೇಕು. ಕೈಯಲ್ಲಿ ಗಾಯ, ಕುರು ಇದ್ದವರು, ನೆಗಡಿಯಾದವರು ಹಾಲಿನ ಸಿಹಿಗಳನ್ನು ಮುಟ್ಟದಿರುವುದು ಒಳ್ಳೆಯದು.

ಕರೆಂಟು ಹೋದಾಗ

ಬಾಗಿಲು ತೆರೆಯದಿದ್ದರೆ ಒಳ್ಳೆಯ, ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ಶೈತ್ಯವನ್ನು ಕಾಯುತ್ತದೆ. ಫ್ರಿಜ್ಜಿನ ಕೆಳಭಾಗಕ್ಕೆ 4 ಗಂಟೆಯಷ್ಟೇ. ಸಣ್ಣ ಐಸ್ ಖಾನೆಯನ್ನು ಅಷ್ಟು ಹೊತ್ತು ನಂಬುವಂತಿಲ್ಲ.

ನಾವು ಮನೆಯಲ್ಲಿಲ್ಲದಾಗ ಕರೆಂಟು ಹೋಗಿ ಬಂದರೆ ತಿಳಿಯುವುದು ಹೇಗೆ? ಒಂದು ಲೋಟ ನೀರನ್ನು ಫ್ರೀಜರಿನಲ್ಲಿ ಗಟ್ಟಿಮಾಡಿ, ಅದರ ಮೇಲೊಂದು ನಾಣ್ಯವನ್ನಿಟ್ಟು ಅಲ್ಲಿಯೇ ಬಿಡಿ. ನಾಣ್ಯ ಮೇಲೆಯೇ ಇದ್ದರೆ ನೀರು ಕರಗಿಲ್ಲ. ನಡುವಿಗೆ ಅಥವಾ ತಳಕ್ಕೆ ಇಳಿದಿದ್ದರೆ, ಈಗ ಎಲ್ಲವೂ ಗಟ್ಟಿಯಾಗಿ ಕಂಡರೂ ನಡುವೆ ಕರಗಿತ್ತೆಂದೇ ಅರ್ಥ. ಅಂಥ ಅಡುಗೆ ಬೇಡ. ಆ ತಾಯಿಯ ಮನೆಯಲ್ಲಿ ಈ ಒಂದು ರೂಪಾಯಿ ಇದ್ದಿದ್ದರೆ ಮಗು ಆಸ್ಪತ್ರೆ ಸೇರುತ್ತಿರಲಿಲ್ಲವೇನೋ.

ಹೊರತೆಗೆದು ಉಣ್ಣುವಾಗ

ಕಟ್ಟೆಯ ಮೇಲಿಟ್ಟು ಕರಗಿಸಬಾರದು. ರಾತ್ರಿಯೇ ಫ್ರಿಜ್ಜಿನ ಕೆಳಗಿನ ಖಾನೆಗೆ ಇಳಿಸಬೇಕು, ಇಲ್ಲವೇ ನೇರವಾಗಿ ಒಲೆಗೆ ಏರಿಸಬೇಕು. ಬೆಚ್ಚಗಾದರೆ ಸಾಲದು, ನಡುಭಾಗವೂ ಕುದಿಯಬೇಕು. ಒಮ್ಮೆ ಬಿಸಿಮಾಡಿದ್ದನ್ನು ಮತ್ತೆ ಒಳಗಿಡಬಾರದು. ಮೂರು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ಬಾಣಂತಿಯರು, ಜ್ವರದಿಂದ ಎದ್ದವರು, ಜಠರಾಗ್ನಿ ಮಂದವಾದವರು ಇವರಿಗೆ ಆಗಲೇ ಮಾಡಿದ ಅಡುಗೆಯೇ ಇರಲಿ. ಮಳೆಗಾಲದಲ್ಲಿ ಅಗ್ನಿ ಸಹಜವಾಗಿಯೇ ಕುಗ್ಗಿರುತ್ತದೆ. ಆಗ ಫ್ರೀಜರಿನ ಬಳಕೆಯನ್ನೂ ಕುಗ್ಗಿಸಬೇಕು. ಇಂಥ ಊಟಕ್ಕೆ ಶುಂಠಿ, ಜೀರಿಗೆ, ಓಮದ ಒಗ್ಗರಣೆ ಹಿತ. ಆದರೆ ಅವು ಜೀರ್ಣಕ್ಕೆ ನೆರವಾಗುತ್ತವೆಯೇ ಹೊರತು ನಂಜನ್ನು ಕಳೆಯುವುದಿಲ್ಲ.

ಊಟದ ನಂತರ ವಾಂತಿ-ಭೇದಿ ಆದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿ ಗುಟುಕು ಗುಟುಕಾಗಿ ಕೊಡಿ. ಮಗು ಮಂಕಾದರೆ, ಮೂತ್ರ ನಿಂತರೆ, ಕುಡಿದದ್ದು ನಿಲ್ಲದಿದ್ದರೆ ಮನೆಮದ್ದಿಗಾಗಿ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಉಳಿಯುವ ಮುನ್ನವೇ

ಕೊನೆಯದಾಗಿ ಒಂದು ಮಾತು. ಆ ತಾಯಿಗೆ ಕಷ್ಟವಾದದ್ದು ಬಾಸುಂದಿಯ ಬೆಲೆಯಲ್ಲ. ಪ್ರಸಾದವನ್ನು ಚೆಲ್ಲುವುದು ಹೇಗೆ ಎಂಬ ಸಂಕೋಚವೇ ಅವರನ್ನು ಕಟ್ಟಿಹಾಕಿತ್ತು. ಎಡೆಯಲ್ಲಿ ಅಗುಳೂ ಬಿಡಬಾರದೆಂದು ಬೆಳೆದವರು ನಾವೆಲ್ಲ. ಆ ಸಂಸ್ಕಾರ ದೊಡ್ಡದು. ಆದರೆ ದೇಹವನ್ನು ನೋಯಿಸುವುದನ್ನು ಉಂಡರೆ ಪ್ರಸಾದಕ್ಕೆ ಗೌರವ ಸಂದಂತಾಗುವುದಿಲ್ಲ. ಕೆಟ್ಟದ್ದೆಂಬ ಸಂಶಯ ಬಂದರೆ ತಿಪ್ಪೆಗೆ ಹಾಕಿ ಮಣ್ಣು ಮುಚ್ಚೋಣ. ಅದು ಗೊಬ್ಬರವಾಗಿ ಹೊಲಕ್ಕೆ ಸಲ್ಲುತ್ತದೆ. ದನಕ್ಕೆ ಸುರಿಯುವುದು ಬೇಡ. ಹಬ್ಬದ ಅನ್ನ, ಹೋಳಿಗೆಯನ್ನು ಒಮ್ಮೆಗೇ ತಿಂದ ಆಕಳ ಹೊಟ್ಟೆಯಲ್ಲಿ ಹುಳಿಯೇರಿ ಪ್ರಾಣಕ್ಕೇ ಕುತ್ತು ಬರುವುದುಂಟು.

ಎಲ್ಲಕ್ಕಿಂತ ಮೇಲಾದ ದಾರಿ ಮಿತವಾಗಿ ಮಾಡುವುದು, ಮಾಡಿದ್ದು ಹೆಚ್ಚಾದರೆ ಬಿಸಿಯಿರುವಾಗಲೇ ಹಂಚುವುದು. ದಾಸೋಹಕ್ಕೆ ದೊಡ್ಡ ಪಂಕ್ತಿಯೇ ಬೇಕೆಂದಿಲ್ಲ. ಪಕ್ಕದ ಮನೆಯ ಬಾಗಿಲು ಸಾಕು. ಕಳೆದ ಬಸವ ಜಯಂತಿಯ ಮಧ್ಯಾಹ್ನ ಅದೇ ತಾಯಿ ಅದೇ ಮೊಮ್ಮಗನ ಕೈಯಲ್ಲಿ ನಮ್ಮ ಮನೆಗೊಂದು ಮುಚ್ಚಿದ ಬಟ್ಟಲು ಕಳುಹಿಸಿದರು. ಬಾಸುಂದಿ ಇನ್ನೂ ಬೆಚ್ಚಗಿತ್ತು. "ಅಜ್ಜಿ ಈಗೇ ಉಣ್ರಿ ಅಂದಾಳ" ಎಂದು ಹೇಳಿ, ಇನ್ನೂ ಮೂರು ಮನೆಗಳಿವೆಯೆಂದು ಮಗು ಓಡಿತು.